ಬೇಸಿಕ್ ಬಿಟ್ಟುಕೊಟ್ಟವನು

"ರೀ! ಯಾರ್ರೀ ನೀವು? ನನ್ನ ಫ್ಲಾಪಿ ಯಾಕ್ರೀ ತೆಗೆದ್ರಿ?"

ಗಂಗರತ್ನ ಬಾಗಿಲಲ್ಲೇ ನಿಂತು ಕೂಗಿದಳು. ಕೋಲಾರದ ಬಸ್ ಸ್ಟ್ಯಾಂಡ್ ಹಿಂದಿನ ಅವಳು ಪಾಠ ಹೇಳುತ್ತಿದ್ದ ಆ ಕಂಪ್ಯೂಟರ್ ಸೆಂಟರಿನಲ್ಲಿ ಇದ್ದದ್ದೇ ಒಂದು ಮೆಷಿನ್. ಅದರ ಮುಂದೆ ಯಾರೋ ಅಪರಿಚಿತ!

ಅವನು ಗಾಬರಿಯಿಂದ ಎದ್ದ. "ನಾನು ಕೋದಂಡರಾಮ... ಯಲ್ದೂರಿನವನು. ಪಾಠ ಹೇಳೋಕೆ ಹೊಸದಾಗಿ ಸೇರಿದ್ದೀನಿ. ಬೇಸಿಕ್ ಭಾಷೆ ಹಾಕೋಣ ಅಂತ..."

"ಬೇಸಿಕ್ಕಾ? ನಾನಿಲ್ಲಿ ಟರ್ಬೋ ಪ್ಯಾಸ್ಕಲ್‌ನಲ್ಲಿ ಪ್ರೋಗ್ರಾಂ ಬರೀತಿದ್ದೀನಿ!"

ಆಗ ೧೯೮೭. ಸೆಂಟರಿನ ಮಾಲೀಕರಾದ ವೆಂಕಟರಾಯಪ್ಪ ಒಂದು ಕಾಲೇಜಿನ ಮಾರ್ಕ್ಸ್ ಕಾರ್ಡ್ ಕೆಲಸ ಒಪ್ಪಿಕೊಂಡಿದ್ದರು. ಜಗಳ ಕೇಳಿ ಒಳಗೆ ಬಂದರು.

"ಇಬ್ಬರೂ ಆ ಮಾರ್ಕ್ಸ್ ಕಾರ್ಡ್ ಪ್ರೋಗ್ರಾಂ ಬರ್ದು ನೋಡಿ. ಯಾವುದು ಒಳ್ಳೇದು ಅಂತ ನೀವೇ ಹೇಳಿ. ಆಮೇಲೆ ಭಾಷೇನೂ ಒಂದೇ, ಮೇಷ್ಟ್ರೂ ಒಬ್ಬರೇ. ಇಬ್ಬರನ್ನ ಇಟ್ಕೊಳ್ಳೋಕೆ ನನ್ ಕೈಲಾಗಲ್ಲಮ್ಮ."

ಗಂಗರತ್ನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈ ಕೆಲಸ ಹೋದರೆ ಮುಳಬಾಗಿಲಿನಲ್ಲಿ ಅಪ್ಪ ಗಂಡು ಹುಡುಕಲು ಹೊರಡುವುದು ಖಂಡಿತ.

ಬೆಳಿಗ್ಗೆ ಅವನ ಸರದಿ, ಮಧ್ಯಾಹ್ನ ಅವಳದು. ಮಾತು ಮಾತ್ರ ಇಡೀ ದಿನ!

"ಬೇಸಿಕ್‌ನಲ್ಲಿ ಒಂದು ಸಾಲು ಹೊಡೆದ್ರೆ ತಕ್ಷಣ ಉತ್ತರ ಬರುತ್ತೆ ಕಣ್ರೀ. ಮಕ್ಕಳ ಮುಖ ಅರಳುತ್ತೆ."

"ಪ್ಯಾಸ್ಕಲ್‌ನಲ್ಲಿ ತಪ್ಪಾದ್ರೆ ಕರ್ಸರ್ ಹೋಗಿ ಆ ತಪ್ಪಿನ ಹತ್ರಾನೇ ನಿಲ್ಲುತ್ತೆ. ಬರೆಯೋದು, ತಿದ್ದೋದು, ಓಡ್ಸೋದು ಎಲ್ಲಾ ಒಂದೇ ಕಡೆ. ನಿಮ್ಮ ಹಾಗೆ ಸಾಲಿನ ನಂಬರ್ ನೆನಪಿಟ್ಕೋಬೇಕಿಲ್ಲ!"

ಅವನು ನಗುತ್ತಿದ್ದ. ಆ ನಗುವಿಗಾಗಿಯೇ ತಾನು ವಾದಕ್ಕಿಳಿಯುತ್ತಿದ್ದೇನೆಂದು ಅವಳಿಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು...

ಒಂದು ದಿನ ಬಂದಾಗ ಅವನಿಲ್ಲ.

"ಪ್ಯಾಸ್ಕಲ್ಲೇ ಸರಿ, ರತ್ನ ಅವರೇ ಇರಲಿ ಅಂತ ಹೇಳಿ ಊರಿಗೆ ಹೋದ," ಎಂದರು ವೆಂಕಟರಾಯಪ್ಪ.

ಅವಳಿಗೆ ಸಂತೋಷವಾಗಲಿಲ್ಲ. ಮೈಯೆಲ್ಲ ಉರಿಯಿತು. ಹೆಣ್ಣು ಅಂತ ಕನಿಕರವೇ? ಭಿಕ್ಷೆಯೇ?

ಅಂದೇ ಬಸ್ಸು ಹತ್ತಿ ಯಲ್ದೂರಿನಲ್ಲಿ ಇಳಿದು, ಅವನ ಮನೆ ವಿಚಾರಿಸಿಕೊಂಡು ಹೋದಳು.

ಕೋದಂಡರಾಮ ಮನೆಯ ಮುಂದೆ ಮಾವಿನಕಾಯಿ ಆರಿಸುತ್ತಿದ್ದ. ಅವನ ತಾಯಿ ಅಕ್ಕಯಮ್ಮ, "ಯಾರಮ್ಮಾ? ರಾ, ಕೂತ್ಕೋ," ಎಂದು ತೆಲುಗು ಬೆರೆಸಿ ಕರೆದು, ನೀರು ತರಲು ಒಳಗೆ ಹೋದರು.

"ನಂಬಿಕೆ ಇಲ್ಲದ ಮಾತು ಯಾಕ್ರೀ ಹೇಳಿದ್ರಿ? ಗೆಲ್ಲೋದಾದ್ರೆ ನ್ಯಾಯವಾಗಿ ಗೆಲ್ತಿದ್ದೆ!"

"ನ್ಯಾಯವಾಗೇ ಗೆದ್ದಿದ್ದೀರಿ." ಅವನು ಕೈ ಒರೆಸಿಕೊಂಡ. "ಕಾಲೇಜಿನವರು ಇನ್ನೊಂದು ಸಬ್ಜೆಕ್ಟ್ ಸೇರಿಸಿ ಅಂದ್ರಲ್ಲ? ನನ್ನ ಪ್ರೋಗ್ರಾಂ ತೆಗೆದು ನೋಡಿದೆ. ನಾನೇ ಬರೆದದ್ದು ನನಗೇ ಅರ್ಥವಾಗ್ಲಿಲ್ಲ. ಎಲ್ಲಿಂದ ಎಲ್ಲಿಗೆ ಹಾರುತ್ತೋ ಗೊತ್ತಾಗ್ಲಿಲ್ಲ! ನಿಮ್ಮದು ತೆಗೆದೆ... ಓದ್ತಾ ಓದ್ತಾ ತಿಳೀತು. ಅದನ್ನೇ ಹೇಳಿ ಬಂದೆ."

ಗಂಗರತ್ನ ಅಲ್ಲೇ ಜಗಲಿಯ ಮೇಲೆ ಕುಳಿತಳು. ಇಷ್ಟು ದಿನ ಯಾರೂ ಅವಳ ಕೆಲಸವನ್ನು ಹೀಗೆ ಕೂತು ಓದಿರಲಿಲ್ಲ.

"ಹಾಗಿದ್ರೆ ನನಗೊಂದು ಮಾತು ಹೇಳ್ದೆ ಯಾಕ್ ಬಂದ್ರಿ?"

ಅವನು ತಲೆ ತಗ್ಗಿಸಿದ.

"ಹೇಳೋಕೆ ನಿಂತಿದ್ರೆ... ಇನ್ನೊಂದು ಮಾತೂ ಬಾಯಿಗೆ ಬಂದ್ಬಿಡ್ತಿತ್ತು. ಕೆಲಸ ಬಿಟ್ಟುಕೊಟ್ಟು ಅದಕ್ಕೆ ಬದಲು ಕೇಳ್ತಿದ್ದಾನೆ ಅಂದ್ಕೋತೀರೇನೋ ಅಂತ ಭಯ."

"ಈಗ ಹೇಳಿ."

"ಶ್ರೀನಿವಾಸಪುರದ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರ ಕೆಲಸ ಸಿಗೋ ಹಾಗಿದೆ. ಆದ್ರೂ ಭಾನುವಾರ ಕೋಲಾರಕ್ಕೆ ಬರ್ತೀನಿ."

"ಪ್ಯಾಸ್ಕಲ್ ಕಲಿಯೋಕಾ?"

"ಅಲ್ಲ... ನಿಮ್ಮನ್ನ ನೋಡೋಕೆ."

ಅವಳ ಕಣ್ಣು ತುಂಬಿತು, ತುಟಿ ಮಾತ್ರ ನಗುತ್ತಿತ್ತು.

"ನಿಮ್ಮನ್ನ ಅಂದ್ರೆ ಬರೋದು ಬೇಡ."

"ಮತ್ತೆ?"

"ನಿನ್ನ ಅನ್ನಿ."

ಅವನು ಒಳಗಿನ ಅಮ್ಮನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದ. "ನಿನ್ನ ನೋಡೋಕೆ ಬರ್ತೀನಿ, ರತ್ನಾ."

"ಭಾನುವಾರದ ತನಕ ಕಾಯ್ಬೇಕಾ?" ಎಂದಳು ಅವಳು.