ಬಾವಲಿಗಳಿಗೆ ಮಾತ್ರ ಕೇಳುವ ಕರೆ

“ಯಾರಿಗೂ ಕೇಳಿಸದ ಶಬ್ದ ಮಾಡೋ ಸ್ಪೀಕರ್ ಇದೆಯಾ?”

ತೈಪೆಯ ಗುವಾಂಗ್‌ಹುವಾ ಮಾರುಕಟ್ಟೆಯ ಮೇಲ್ಮಹಡಿಯ ಆ ಪುಟ್ಟ ಅಂಗಡಿಯಲ್ಲಿ ಲಿಂಗ್‌ಯೂ ಅಷ್ಟು ಮೆಲ್ಲಗೆ ಕೇಳಿದ್ದಳು. ಆ ಪ್ರಶ್ನೆಯೇ ಯಾರಿಗೂ ಕೇಳಿಸದೆ ಹೋಗಬಹುದಿತ್ತು.

ಗಲ್ಲಾದ ಹಿಂದೆ ಊಟದ ಡಬ್ಬಿ ಬಿಚ್ಚುತ್ತಿದ್ದ ಯುವಕ ತಲೆಯೆತ್ತಿದ. ಅವನ ಹೆಸರು ಬೋರುಯಿ. ಅಂಗಡಿ ಅವನ ಸಣ್ಣತ್ತೆಯದು.

“ಯಾರಿಗೂ ಕೇಳಿಸಲ್ಲ ಅಂದ್ರೆ, ಕೆಟ್ಟೋಗಿದೆ ಅಂತ ನೀವು ವಾಪಸ್ ತರೋದಾದ್ರೂ ಹೇಗೆ?”

ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ಸಣ್ಣತ್ತೆ ಗೊಳ್ಳನೆ ನಕ್ಕಳು. ಲಿಂಗ್‌ಯೂ ನಗಲಿಲ್ಲ. ನಗಬಾರದೆಂದಲ್ಲ… ನಗು ಎಲ್ಲಿಂದ ಹೊರಡುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

“ಬಾವಲಿಗಳಿಗೆ ಕೇಳಿಸಬೇಕು,” ಎಂದಳು. “ನಮಗೆ ಬೇಡ.”

ಬೋರುಯಿ ಊಟದ ಕಡ್ಡಿಗಳನ್ನು ಕೆಳಗಿಟ್ಟ. ಮೊದಲ ಬಾರಿಗೆ ಅವಳ ಮುಖವನ್ನು ಸರಿಯಾಗಿ ನೋಡಿದ. ಅಪರಿಚಿತ ಗಂಡಸು ನೋಡಿದರೆ ಮೊದಲಿನ ಲಿಂಗ್‌ಯೂ ಕಿವಿಯವರೆಗೂ ಕೆಂಪಾಗುತ್ತಿದ್ದಳು. ಈಗ ಕಿಟಕಿಯಾಚೆಗಿನ ಗೋಡೆಯನ್ನು ನೋಡುವಂತೆ ಅವನನ್ನೇ ನೋಡುತ್ತ ನಿಂತಳು. ಕಣ್ಣು ತಗ್ಗಿಸಿದವನು ಅವನೇ.

ರುಯ್‌ಫಾಂಗ್‌ನ ಬೆಟ್ಟದಲ್ಲಿ ಹಳೆಯ ಚಿನ್ನದ ಗಣಿಯ ಸುರಂಗವೊಂದಿದೆ, ಅದರ ಚಾವಣಿ ಕುಸಿಯುತ್ತಿದೆ, ಚಳಿ ಬೀಳುವ ಮೊದಲು ಕಾಂಕ್ರೀಟ್ ಸುರಿದು ಮುಚ್ಚುತ್ತಾರೆ ಎಂದು ಅವಳು ವಿವರಿಸಿದಳು. ಒಳಗೆ ಸಾವಿರಾರು ಬಾವಲಿಗಳಿವೆ. ಚಳಿಗಾಲದಲ್ಲಿ ಅವು ಆಳಕ್ಕೆ ಹೋಗಿ ಮಲಗಿಬಿಡುತ್ತವೆ. ಅಷ್ಟರೊಳಗೆ ಮೇಲಿನ ಇನ್ನೊಂದು ಸುರಂಗಕ್ಕೆ ಹೋಗದಿದ್ದರೆ ಮಲಗಿದ್ದಲ್ಲೇ ಸಮಾಧಿ. ಅವುಗಳದೇ ಕೂಗಿನ ಧ್ವನಿಮುದ್ರಣ ಲ್ಯಾಪ್‌ಟಾಪಿನಲ್ಲಿದೆ. ಅದನ್ನು ಹೊಸ ಸುರಂಗದ ಬಾಯಲ್ಲಿ ಹಾಕಿ ಕರೆಯಬೇಕು. ಆದರೆ ಲ್ಯಾಪ್‌ಟಾಪಿನ ಸ್ಪೀಕರಿಗೆ ಅಷ್ಟು ಎತ್ತರದ ದನಿ ಹೊರಡದು.

ಊಟ ಆರುತ್ತಿತ್ತು. ಬೋರುಯಿ ಆಗಲೇ ಕಪಾಟುಗಳ ನಡುವೆ ಮಾಯವಾಗಿದ್ದ.

ಕಾರು ಹಿಂದಕ್ಕೆ ತೆಗೆಯುವಾಗ ಅಡ್ಡ ಬಂದದ್ದನ್ನು ಹೇಳುವ ಪುಟ್ಟ ಬಿಲ್ಲೆಗಳನ್ನು ಮೊದಲು ತಂದ, ತಾನೇ ತಲೆಯಾಡಿಸಿ ವಾಪಸಿಟ್ಟ. ಅವು ಒಂದೇ ಸ್ವರ ಹಿಡಿದು ಕೂಗುತ್ತವೆ, ಬಾವಲಿಯ ದನಿಯೋ ಮೇಲಿಂದ ಕೆಳಕ್ಕೆ ಜಾರುತ್ತದೆ ಎಂದ. ಕೊನೆಗೆ ಮೂರು ವಸ್ತು ಆರಿಸಿದ. ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ಸೌಂಡ್ ಕಾರ್ಡು, ಆ ಎತ್ತರದಲ್ಲೂ ಸುಸ್ತಾಗದ ಆಂಪ್ಲಿಫೈಯರು, ಈರುಳ್ಳಿ ಪೊರೆಯಷ್ಟು ತೆಳುವಾದ ಪಟ್ಟಿ ನಡುಗುವ ಸ್ಪೀಕರು. ಇದು ಸರಪಳಿ ಇದ್ದ ಹಾಗೆ, ಒಂದು ಕೊಂಡಿ ಸೋತರೂ ಮುಗಿಯಿತು ಎಂದು ಅವನು ವಿವರಿಸಿದ್ದನ್ನು ಅವಳು ತಲೆಯಾಡಿಸಿ ಕೇಳಿದಳು.

“ಈ ಹುಡುಗ ಇಷ್ಟು ಮಾತಾಡಿದ್ದು ನಾನು ನೋಡೇ ಇಲ್ಲ,” ಎಂದಳು ಸಣ್ಣತ್ತೆ. “ಹೋದ ತಿಂಗಳು ನಾನೊಂದು ಹುಡುಗಿ ತೋರಿಸೋಕೆ ಕರ್ಕೊಂಡು ಹೋದಾಗ, ಸೂಪು ಬಿಸಿ ಇದೆ ಅಂತ ಒಂದೇ ಮಾತು ಆಡಿ ಬಂದ.”

ಬೋರುಯಿಯ ಕಿವಿ ಕೆಂಪಾಯಿತು. ಸಣ್ಣತ್ತೆ ಚೀಲದ ಮೇಲೆ ಗ್ವಾಯ್‌ಗ್ವಾಯ್ ಇಟ್ಟಳು, ಹಸಿರು ಪೊಟ್ಟಣದ ತೆಂಗಿನ ಕುರುಕಲು. ಹೆಸರಿನ ಅರ್ಥವೇ ಜಾಣಮರಿ; ಯಂತ್ರದ ಮೇಲೆ ಅದೊಂದು ಇದ್ದರೆ ಯಂತ್ರವೂ ಹಾಗೇ ಇರುತ್ತದೆ ಎಂದು ತೈಪೆಯಲ್ಲಿ ಯಾರಿಗೆ ಗೊತ್ತಿಲ್ಲ?

“ಹಸಿರೇ ಆಗ್ಬೇಕು. ಕೆಲಸ ಮುಗಿಯೋ ತನಕ ತಿನ್ನಬಾರದು, ಗೊತ್ತಲ್ಲ?”

ಗೊತ್ತು ಎಂದಳು ಲಿಂಗ್‌ಯೂ. ತಿನ್ನುವ ಆಸೆಯಾದರೂ ಯಾರಿಗಿತ್ತು…

ಅಕ್ಕ ಯುನ್‌ಶಿ ತೀರಿಹೋದ ಚಳಿಗಾಲದಿಂದ ಅವಳ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡಾಗ ಕೆನ್ನೆ ಮರಗಟ್ಟುತ್ತದಲ್ಲ, ಹಾಗೆ ಇಡೀ ಮೈ. ಬೆಟ್ಟದ ತಿರುವಿನಲ್ಲಿ ಅಕ್ಕನ ಸ್ಕೂಟರ್ ಜಾರಿದ ಸುದ್ದಿ ಬಂದಾಗಲೂ ಅವಳು ಅಳಲಿಲ್ಲ. ಫೋನಿಟ್ಟು, ಒಲೆಯ ಮೇಲಿದ್ದ ಅನ್ನ ಇಳಿಸಿದ್ದಳು. ಬಾವಲಿಗಳ ಕೆಲಸ ಅಕ್ಕನದು, ಲ್ಯಾಪ್‌ಟಾಪೂ ಅಕ್ಕನದು. ಅರ್ಧಕ್ಕೆ ನಿಂತದ್ದನ್ನು ಮುಗಿಸಲು, ಅಕ್ಕ ದುಡಿಯುತ್ತಿದ್ದ ಬಾವಲಿ ರಕ್ಷಣೆಯ ಸಂಸ್ಥೆಗೇ ಸೇರಿದ್ದಳು, ಅಷ್ಟೇ.

ಅಂದು ಸಂಜೆ ಹೊಸ ಸುರಂಗದ ಬಾಯಲ್ಲಿ ಎಲ್ಲವನ್ನೂ ಜೋಡಿಸಿ, ಹಸಿರು ಪೊಟ್ಟಣವನ್ನು ಆಂಪ್ಲಿಫೈಯರಿನ ಮೇಲೆ ಕೂರಿಸಿ, ಗುಂಡಿ ಒತ್ತಿದಳು.

“ಲಿಂಗ್, ಉಸಿರು ಬಿಡು. ಬರ್ತಾ ಇವೆ.”

ಅಕ್ಕನ ದನಿ! ತಗಡಿನ ಡಬ್ಬಿಯೊಳಗಿಂದ ಬಂದಂತೆ ತೆಳ್ಳಗೆ, ಆದರೂ ಅಕ್ಕನದೇ.

ಅವಳಿಗೆ ನೆನಪಾಯಿತು. ಆ ಧ್ವನಿಮುದ್ರಣದ ಸಂಜೆ ತಾನೂ ಜೊತೆಗಿದ್ದೆ, ಬಾವಲಿ ಹೆದರೀತೆಂದು ಉಸಿರು ಕಟ್ಟಿ ನಿಂತಿದ್ದೆ, ಅಕ್ಕ ನಗುತ್ತಾ ಹಾಗೆಂದಿದ್ದಳು.

ದನಿಯಾದ ಮೇಲೆ ಮೌನ. ಬಾವಲಿಗಳಿಗೆ ಮಾತ್ರ ಕೇಳುವ ಮೌನ ಎಂದುಕೊಂಡಳು. ಧ್ವನಿಮುದ್ರಣ ಸುತ್ತಿ ಸುತ್ತಿ ಬಂತು. ಸಂಜೆ ಸಂಜೆಯೂ ಅಕ್ಕ ಉಸಿರು ಬಿಡು ಎಂದಳು, ಲಿಂಗ್‌ಯೂ ಅಲ್ಲೇ ಕೂತು ಕೇಳಿದಳು.

ಬಾವಲಿಗಳು ಮಾತ್ರ ತಿರುಗಿಯೂ ನೋಡಲಿಲ್ಲ. ಹಳೆಯ ಸುರಂಗದಿಂದ ಹೊಗೆಯಂತೆ ಹೊರಟು ಸಮುದ್ರದ ಕಡೆಗೆ ಹೋಗಿಬಿಡುತ್ತಿದ್ದವು.

ಕಾಂಕ್ರೀಟಿನ ಲಾರಿಗಳು ಮುಂದಿನ ವಾರ ಬರುತ್ತವೆ ಎಂದು ಮೇಲಧಿಕಾರಿ ಫೋನ್ ಮಾಡಿದ. ಲಿಂಗ್‌ಯೂ ಮತ್ತೆ ಅಂಗಡಿಗೆ ಹೋಗಿ, ಅವು ಬರುತ್ತಿಲ್ಲ ಎಂದಳು. ದೂರಿನ ದನಿಯೂ ಅದರಲ್ಲಿರಲಿಲ್ಲ.

“ಅತ್ತೆ, ಅಂಗಡಿ ನೋಡ್ಕೊ,” ಎಂದು ಬೋರುಯಿ ಚೀಲ ಹೆಗಲಿಗೇರಿಸಿದ.

ರೈಲಿನಲ್ಲಿ ಅವನು ಅವಳಿಗೆ ಚಹಾದಲ್ಲಿ ಬೇಯಿಸಿದ ಮೊಟ್ಟೆಯೊಂದನ್ನು ಸುಲಿದುಕೊಟ್ಟ. ಅವಳು ಅದನ್ನು ಕೈಯಲ್ಲೇ ಹಿಡಿದು ಕೂತಳು. ಅವನು ತಿನ್ನಿ ಎನ್ನಲಿಲ್ಲ. ಆ ಸುಮ್ಮನಿರುವಿಕೆ ಅವಳಿಗೆ ಹಿತವೆನಿಸಿತು. ಹಿತ… ಎಷ್ಟು ದಿನದ ಮೇಲೆ ಆ ಪದ ಮನಸ್ಸಿಗೆ ಬಂತು, ಎಂದು ತನಗೇ ಬೆರಗಾದಳು.

ಬೆಟ್ಟದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ, ಬಾವಲಿಯ ದನಿಯನ್ನು ನಮಗೆ ಕೇಳುವಂತೆ ಇಳಿಸಿಕೊಡುವ ಯಂತ್ರ ಸಂಸ್ಥೆಯಲ್ಲಿದೆಯಲ್ಲ, ಅದನ್ನು ಸ್ಪೀಕರಿನ ಮುಂದೆ ಹಿಡಿದು ನೋಡಿದಿರಾ ಎಂದು.

“ಇಲ್ಲ. ಶುರುವಲ್ಲಿ ಒಂದು ದನಿ ಬರುತ್ತೆ. ಅದು ಬಂದ ಮೇಲೆ ಉಳಿದದ್ದೂ ಬರ್ತಿದೆ ಅಂದ್ಕೊಂಡೆ.”

ಅವನು ಯಂತ್ರ ಹಿಡಿದ. ಅದು ಸದ್ದೇ ಮಾಡಲಿಲ್ಲ. ಲ್ಯಾಪ್‌ಟಾಪನ್ನು ಕೆದಕಿದವನೇ ಹಣೆ ಬಡಿದುಕೊಂಡ. ಕಾರ್ಡಿನ ಮೇಲೆ ಬರೆದದ್ದನ್ನು ನಂಬಿ ತಾನು ಸುಮ್ಮನಾಗಿದ್ದೆ, ಲ್ಯಾಪ್‌ಟಾಪು ದಾರಿಯಲ್ಲೇ ಎತ್ತರದ ಸ್ವರಗಳನ್ನೆಲ್ಲ ಕತ್ತರಿಸಿ, ಮನುಷ್ಯರಿಗೆ ಕೇಳುವಷ್ಟನ್ನೇ ಮುಂದಕ್ಕೆ ಕಳಿಸುತ್ತಿತ್ತು, ತಪ್ಪು ತನ್ನದೇ ಎಂದ. ಇಷ್ಟು ಸಂಜೆಗಳೂ ಬಾವಲಿಗಳಿಗೆ ಅವಳು ಕೇಳಿಸಿದ್ದು ಮನುಷ್ಯರ ಮಾತೊಂದನ್ನೇ.

ಸರಿಮಾಡಲು ಹೊತ್ತು ಬೇಕಿತ್ತು. ಲಿಂಗ್‌ಯೂ ಸುರಂಗದ ಜಾಲರಿಯ ಕೀಲಿ ತರಲು ಕೆಳಗೆ ಕಾವಲುಗಾರ ಮುದುಕನ ಮನೆಗೆ ಹೋದಳು. ಮರಳಿದಾಗ ಬೋರುಯಿಯ ಮುಖ ಬೆಳಗಿತ್ತು.

“ಈಗ ನೋಡಿ,” ಎಂದು ಗುಂಡಿ ಒತ್ತಿದ.

ಏನೂ ಕೇಳಿಸಲಿಲ್ಲ. ಅವಳು ಕಾದಳು. ಮತ್ತೂ ಕಾದಳು.

“ದನಿ ಎಲ್ಲಿ?”

“ಆ ಹೆಂಗಸಿನ ಮಾತಾ? ತೆಗೆದುಹಾಕಿದೆ. ಬಾವಲಿಗಳಿಗೆ ಅದು ಬರೀ ಗದ್ದಲ. ಅದಕ್ಕೇ ಹೆದರಿ ದೂರ ಹೋಗ್ತಿದ್ದವೋ ಏನೋ.”

ಗದ್ದಲ.

ಆ ಧ್ವನಿಮುದ್ರಣಕ್ಕೆ ಬೇರೆ ಪ್ರತಿಯಿರಲಿಲ್ಲ. ಅಕ್ಕ ಎರಡನೇ ಸಲ ಹೋದಳು. ಆಗಲೂ ಲಿಂಗ್‌ಯೂಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಳಗೆ ಅರೆತೆರೆದಿದ್ದ ಯಾವುದೋ ಕದ ಸದ್ದಿಲ್ಲದೆ ಮುಚ್ಚಿಕೊಂಡಿತು.

“ನೀವು ಹೊರಡಿ,” ಎಂದಳು. “ಕತ್ತಲಾದ್ರೆ ಮೆಟ್ಟಿಲು ಜಾರುತ್ತೆ.”

“ನಾನೇನಾದ್ರೂ ತಪ್ಪು…”

“ಹೊರಡಿ.”

ಅವನು ಚೀಲ ಎತ್ತಿಕೊಂಡು ಇಳಿದುಹೋದ. ಅವಳು ಅವನ ಬೆನ್ನನ್ನು ನೋಡಲಿಲ್ಲ. ಹೆಜ್ಜೆಯ ಸದ್ದು ಮಾತ್ರ ಕೊನೆಯ ಮೆಟ್ಟಿಲವರೆಗೂ ಕೇಳಿಸಿತು. ಯಾಕೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಳು.

ಹೊತ್ತು ಮುಳುಗಿತು. ಬಾವಲಿಯ ದನಿ ಇಳಿಸಿಕೊಡುವ ಯಂತ್ರವನ್ನು ಮಡಿಲಲ್ಲಿಟ್ಟು ಹಚ್ಚಿದಳು, ಅದು ಟಿಕ್ ಟಿಕ್ ಎಂದು ಮಿಡಿಯತೊಡಗಿತು. ಕರೆ ಹೊರಟಿತ್ತು… ನಿಜವಾಗಿಯೂ ಹೊರಟಿತ್ತು.

ಕೆಳಗಿನಿಂದ ಕಪ್ಪು ಹೊಗೆ ಎದ್ದಿತು. ಎಂದಿನಂತೆ ಸಮುದ್ರದತ್ತ ಬಾಗಿತು. ಆಮೇಲೆ ಅದರ ಒಂದು ಎಳೆ ಬೇರ್ಪಟ್ಟು, ತಡವರಿಸಿ, ಅವಳ ಕಡೆ ತಿರುಗಿತು.

ಅದೇ ಹೊತ್ತಿಗೆ ಮೆಟ್ಟಿಲಲ್ಲಿ ಯಾರೋ ಓಡಿ ಬರುವ ಸದ್ದು. ಬೋರುಯಿ! ಏದುಸಿರು, ಮೊಣಕಾಲಿಗೆ ಕೆಸರು.

“ಕೆಳಗೆ ಕಾವಲಿನ ತಾತ ಹೇಳಿದ್ರು,” ಎಂದು ಪಿಸುಗುಟ್ಟಿದ. “ನಿಮ್ಮ ಅಕ್ಕನ ಹೆಸರು ಹೇಳಿದ್ರು, ಯಾವಾಗಲೂ ನಿಮ್ಮನ್ನ ಲಿಂಗ್ ಲಿಂಗ್ ಅಂತಿದ್ರಂತೆ. ಆ ದನಿ… ನನಗೆ ಗೊತ್ತಿರಲಿಲ್ಲ.”

ಅವಳ ಕಣ್ಣು ಬಾವಲಿಗಳ ಮೇಲೇ ಇತ್ತು.

“ಅಳಿಸಿಲ್ಲ ನಾನು. ಇಲ್ಲಿ ನೋಡಿ.” ತಂತಿಯ ನಡುವೆ ಹುರುಳಿಕಾಳಿನಷ್ಟು ಪುಟ್ಟದೊಂದು ವಸ್ತು ತೋರಿಸಿದ. “ಈ ಕೆಪಾಸಿಟರ್ ಕೆಳಗಿನ ದನಿಯನ್ನ ತಡೆಯುತ್ತೆ, ಮೇಲಿನದನ್ನ ಬಿಡುತ್ತೆ. ಇಲ್ಲದಿದ್ರೆ ಸ್ಪೀಕರಿನ ಪೊರೆ ಹರಿಯುತ್ತೆ, ಅದಕ್ಕೆ ಹಾಕಿದೆ. ಅಕ್ಕನ ಮಾತು ಲ್ಯಾಪ್‌ಟಾಪಲ್ಲಿ ಹಾಗೇ ಇದೆ. ಇದನ್ನ ಕಿತ್ತರೆ ಈಗಲೇ ಕೇಳಿಸುತ್ತೆ. ಕೀಳಲಾ?”

ಅವನ ಬೆರಳು ತಂತಿಯ ಮೇಲಿತ್ತು. ಮೊದಲ ಬಾವಲಿಗಳು ಅವರ ತಲೆಯ ಮೇಲೆ ಸುತ್ತುತ್ತಿದ್ದವು. ರೆಕ್ಕೆಯ ಗಾಳಿ ಅವಳ ಹಣೆಯ ಕೂದಲನ್ನು ಮುಟ್ಟಿತು. ಒಂದು ಸುರಂಗದ ಬಾಯವರೆಗೆ ಹೋಗಿ, ಹಿಂದೆ ಸರಿದು, ಮತ್ತೆ ಹೋಯಿತು.

ಈಗ ಅಕ್ಕ ಮಾತಾಡಿದರೆ ಅವು ಚದುರಿಹೋಗುತ್ತವೆ.

‘ಒಂದೇ ಒಂದು ಸಲ ಕೇಳಬೇಕು,’ ಎಂದಿತು ಮನಸ್ಸು. ಎದೆಯೊಳಗೆ ಏನೋ ನೋಯತೊಡಗಿತು. ಮರಗಟ್ಟಿದ ಕೆನ್ನೆಗೆ ಮೊದಲು ಮರಳುವುದು ನೋವೇ ತಾನೆ.

ಅವಳು ಅವನ ಕೈ ಹಿಡಿದಳು. ತಂತಿಯಿಂದ ಮೆಲ್ಲಗೆ ಬಿಡಿಸಿದಳು.

“ಈಗ ಬೇಡ. ಅವು ಒಳಗೆ ಹೋಗಲಿ.”

ಹಿಡಿದ ಕೈಯನ್ನು ಮರೆತೇಬಿಟ್ಟಳು. ಒಂದು ಒಳಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ.

ಎಲ್ಲ ಅಡಗಿದ ಮೇಲೆ ಬೋರುಯಿ ಸ್ಪೀಕರ್ ಬಿಚ್ಚಿ, ತನ್ನ ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅವಳ ಕಿವಿಗಿಟ್ಟ. ತಾನು ಅತ್ತ ತಿರುಗಿ ಕೂತ.

“ಲಿಂಗ್, ಉಸಿರು ಬಿಡು. ಬರ್ತಾ ಇವೆ.”

ಈ ಸಲ ತಗಡಿನ ಸದ್ದಿಲ್ಲ. ಅಕ್ಕ ಪಕ್ಕದಲ್ಲೇ ನಿಂತಂತೆ, ಕೊನೆಯ ಪದದಲ್ಲಿ ಅಡಗಿಸಿಟ್ಟ ನಗುವೂ ಕೇಳಿಸಿತು.

ಲಿಂಗ್‌ಯೂ ಉಸಿರು ಬಿಟ್ಟಳು. ಚಳಿಗಾಲದಿಂದ ಹಿಡಿದಿಟ್ಟಿದ್ದ ಉಸಿರು. ಅದರ ಬೆನ್ನಿಗೇ ಅಳು ಬಂತು, ಮಕ್ಕಳ ಅಳುವಿನಂತೆ, ಒರಟಾಗಿ, ನಾಚಿಕೆಯಿಲ್ಲದೆ. ಅವನು ತಿರುಗಿ ನೋಡಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ನೆಲದ ಮೇಲಿಟ್ಟ, ಬೇಕಾದರೆ ಹಿಡಿಯಲಿ ಎಂದು.

ಅವಳು ಹಿಡಿದಳು.

*

ಲಾರಿಗಳು ಬಂದು ಹೋದವು. ಅವು ಬರುವ ಹೊತ್ತಿಗೆ ಹಳೆಯ ಸುರಂಗ ಖಾಲಿಯಾಗಿತ್ತು. ಚಳಿಯ ಮೊದಲ ಮಧ್ಯಾಹ್ನ ಲಿಂಗ್‌ಯೂ ಚೀಲ ಹಿಡಿದು ಅಂಗಡಿಯ ಮುಂದೆ ನಿಂತಳು.

ಬೋರುಯಿ ಎದ್ದು ನಿಂತ. “ಕೆಟ್ಟೋಯ್ತಾ? ವಾಪಸ್ ಕೊಡೋಕೆ ಬಂದ್ರಾ?”

“ಇಲ್ಲ.” ಚೀಲದಿಂದ ಹಸಿರು ಪೊಟ್ಟಣ ತೆಗೆದು ಗಲ್ಲಾದ ಮೇಲಿಟ್ಟಳು. “ಕೆಲಸ ಮುಗೀತು. ಇನ್ನು ತಿನ್ನಬಹುದು.”

“ಅದಕ್ಕೆ ಅಷ್ಟು ದೂರದಿಂದ ಬಂದ್ರಾ?”

“ಒಬ್ಬರೇ ತಿನ್ನಬಾರದಂತೆ.”

“ಹಾಗಂತ ಯಾರು ಹೇಳಿದ್ರು?”

“ನಾನೇ. ಈಗ.”

ಸಣ್ಣತ್ತೆ ತಂತಿಯ ಉಂಡೆ ಬಿಟ್ಟು, ಚಹಾ ತರುತ್ತೇನೆಂದು ಯಾರೂ ಕೇಳದಿದ್ದರೂ ಎದ್ದು ಹೋದಳು. ಹೋಗುತ್ತಾ, ಸೂಪಿನ ವಿಷಯ ಮಾತ್ರ ಎತ್ತಬೇಡ ಮಾರಾಯ ಎಂದು ಅವನ ಬೆನ್ನಿಗೊಂದು ಗುದ್ದಿದಳು.

ಲಿಂಗ್‌ಯೂ ಪೊಟ್ಟಣ ಒಡೆದು ಒಂದನ್ನು ಬಾಯಿಗಿಟ್ಟಳು. ತೆಂಗು, ಸಿಹಿ, ಚೂರು ಬೆಣ್ಣೆ… ಎಲ್ಲವೂ ತಿಳಿಯಿತು. ತಿಳಿಯಿತಲ್ಲ ಎಂದು ಕಣ್ಣು ತುಂಬಿತು.

“ಆ ದಿನ ನೀವು ನನ್ನ ಜೋಕಿಗೆ ನಗಲಿಲ್ಲ,” ಎಂದ ಬೋರುಯಿ, ಪೊಟ್ಟಣವನ್ನೇ ನೋಡುತ್ತ. “ಅವತ್ತಿಂದ ಅದೊಂದೇ ಯೋಚನೆ. ಈ ಹುಡುಗಿ ನಕ್ಕರೆ ಹೇಗಿರುತ್ತೆ ಅಂತ. ದಿನಾ… ದಿನಾ ಕೇಳೋ ಹಾಗಿದ್ರೆ ಅಂತ.”

ಅಷ್ಟು ಹೇಳಿ ಕಲ್ಲಾಗಿ ನಿಂತ. ಎದೆ ಏರಲಿಲ್ಲ, ಇಳಿಯಲಿಲ್ಲ.

ಲಿಂಗ್‌ಯೂಗೆ ನಗು ಬಂತು. ಎಲ್ಲಿಂದ ಹೊರಟಿತೆಂದು ಅವಳೂ ನೋಡಲಿಲ್ಲ. ಇನ್ನೊಂದು ಕುರುಕಲನ್ನು ಅವನ ಅಂಗೈಯಲ್ಲಿಟ್ಟಳು.

“ಬೋರುಯಿ,” ಎಂದಳು, “ಉಸಿರು ಬಿಡು. ನಾನು ಬಂದಾಯ್ತಲ್ಲ.”