ಆಮೆಯೂರಿನ ನಾಮಪತ್ರ

ಒಂದು ಪಟ್ಟಣ ಕಡಲಲ್ಲಿ ಮುಳುಗುವುದರಲ್ಲಿತ್ತು. ಕತ್ತಿ ಬೇಕಾಗಲಿಲ್ಲ, ಮಂತ್ರ ಬೇಕಾಗಲಿಲ್ಲ. ಹೆಣ್ಣುಮಗಳೊಬ್ಬಳು ಒಂದೇ ಒಂದು ಪ್ರಶ್ನೆ ಕೇಳಿದಳು, ಪಟ್ಟಣ ಉಳಿಯಿತು. ಯಾವ ಪ್ರಶ್ನೆ ಇರಬಹುದು, ಊಹಿಸಿ ನೋಡೋಣ! ಆಗಲಿಲ್ಲವೇ? ಹಾಗಾದರೆ ಕೇಳಿ.

ಬಹಳ ಹಿಂದೆ ನೀಲಗಡಲ ರಾಜ್ಯದಲ್ಲಿ ಆಮೆಯೂರು ಎಂಬ ಪಟ್ಟಣವಿತ್ತು. ಅದು ಇದ್ದದ್ದು ನೆಲದ ಮೇಲಲ್ಲ, ತೇಲುವ ಮಹಾ ಆಮೆಯೊಂದರ ಬೆನ್ನ ಮೇಲೆ. ಆಮೆ ಉಸಿರೆಳೆದಾಗಲೆಲ್ಲ ಮನೆಗಳ ತೊಟ್ಟಿಲುಗಳು ತಾವಾಗಿಯೇ ತೂಗುತ್ತಿದ್ದವು. ರಾಜನ ಮಾತನ್ನೂ ಆಮೆ ಕೇಳುತ್ತಿರಲಿಲ್ಲ. ಜನ ಆರಿಸಿದ ಅಧ್ಯಕ್ಷ ಹೇಳಿದ ಕಡೆಗೆ ಮಾತ್ರ ಈಜುತ್ತಿತ್ತು.

ಆ ವರ್ಷದ ಚುನಾವಣಾಧಿಕಾರಿ ಕೇದಗೆ. ಕಣದಲ್ಲಿದ್ದವನು ಅವಳ ತಮ್ಮ ಮಾಚ ಒಬ್ಬನೇ. ಅಷ್ಟರಲ್ಲಿ ಮಬ್ಬೇಂದ್ರನೆಂಬ ಮಾಂತ್ರಿಕ ಬಂದ. ಕಡಲ ತಳದ ಮುತ್ತಿನ ಮೇಲೆ ಅವನ ಕಣ್ಣು. ಅಧ್ಯಕ್ಷನಾಗಿ "ಮುಳುಗು" ಅಂದರೆ ಸಾಕು, ಆಮೆ ಮುಳುಗುತ್ತದೆ. ಜನ? ಜನರ ಚಿಂತೆ ಅವನಿಗೇಕೆ!

ಮೊದಲ ದಿನ ನಾಮಪತ್ರ ಹಿಡಿದು, ತನ್ನ ಹೆಸರು ಸೂಚಿಸಲು ಇಬ್ಬರು ಸೂಚಕರೊಂದಿಗೆ ಬಂದ.

"ನಿಯಮ ಏನನ್ನುತ್ತದೆ?" ಎಂದ ಮಬ್ಬೇಂದ್ರ.

"ಸೂಚಕರು ಈ ಊರಿನ ಮತದಾರರಾಗಿರಬೇಕು. ಹೆಬ್ಬೆಟ್ಟು ಒತ್ತಲಿ" ಎಂದಳು ಕೇದಗೆ.

ಒತ್ತಿದರು. ಹೆಬ್ಬೆಟ್ಟಿನಲ್ಲಿ ಒಂದು ಗೆರೆಯೂ ಇಲ್ಲ! ಇಬ್ಬರೂ ಮಣ್ಣಿನ ಗೊಂಬೆಗಳು. "ತಿರಸ್ಕೃತ" ಎಂದು ಮುದ್ರೆ ಒತ್ತಿದಳು. ಸಿಟ್ಟಿಗೆ ಅವನು ಅವಳ ಮೇಜನ್ನು ಮೊಸಳೆ ಮಾಡಿದ. ಅವಳು ಮೊಸಳೆಯ ಬೆನ್ನ ಮೇಲೇ ದಫ್ತರ ಬಿಚ್ಚಿ, "ಮುಂದಿನವರು ಬನ್ನಿ" ಎಂದಳು.

ಎರಡನೆಯ ದಿನ ಇಬ್ಬರು ನಿಜವಾದ ಮತದಾರರನ್ನು ಹೆದರಿಸಿ ಕರೆತಂದ.

"ಈಗ ನಿಯಮ ಏನನ್ನುತ್ತದೆ?"

"ಪಟ್ಟಣದ ಗುತ್ತಿಗೆ ಹಿಡಿದವರು ನಿಲ್ಲುವ ಹಾಗಿಲ್ಲ. ಬೀದಿ ದೀಪಕ್ಕೆ ಮಿಂಚುಹುಳ ಒದಗಿಸೋ ಗುತ್ತಿಗೆ ಯಾರದು ಸ್ವಾಮಿ?"

"ನಂದೇ" ಎಂದು ಹಲ್ಲು ಕಡಿದ. ಮತ್ತೆ ತಿರಸ್ಕೃತ. ಮುದ್ರೆಯನ್ನು ಹದ್ದು ಮಾಡಿ ಹಾರಿಸಿದ. ಕೇದಗೆ ಕೊಂಚ ಅವಲಕ್ಕಿ ಚೆಲ್ಲಿ ಕರೆದಳು, ಹದ್ದು ಬಂದು ಕೈಯಲ್ಲಿ ಮತ್ತೆ ಮುದ್ರೆಯಾಯಿತು.

ಮೂರನೆಯದು ಪರಿಶೀಲನೆಯ ಕೊನೆಯ ದಿನ. ಗುತ್ತಿಗೆ ಬಿಟ್ಟುಕೊಟ್ಟ ರಸೀದಿ ಹಿಡಿದೇ ಬಂದ ಮಬ್ಬೇಂದ್ರ. ಕಾಗದ ಸರಿಯಾಗಿತ್ತು. ಸಾಲದ್ದಕ್ಕೆ ಕೈ ಎತ್ತಿ ಕೂಗಿದ: "ನನ್ನದೊಂದು ತಕರಾರು! ಮಾಚನಿಗೆ ಇಪ್ಪತ್ತೊಂದು ತುಂಬಿಲ್ಲ!"

ಜನ್ಮಪತ್ರಿಕೆ ತರಿಸಿದರು. ಒಂದೇ ಒಂದು ದಿನ ಕಡಿಮೆ.

"ಅಯ್ಯೋ, ಒಂದು ದಿನ ತಾನೇ! ಕಣ್ಣು ಮುಚ್ಚಿಕೊಳ್ಳವ್ವಾ" ಎಂದು ಊರೆಲ್ಲ ಬೇಡಿತು.

"ಅಕ್ಕಾ, ನನ್ನ ಮೇಲೇನಾದ್ರೂ ಸಿಟ್ಟಾ? ಅದಕ್ಕೆ ಊರು ಮುಳುಗಿಸ್ತೀಯಾ?" ಎಂದ ಮಾಚ.

"ಸಿಟ್ಟಲ್ಲ ಕಣೋ. ನಿನಗೆ ಬಗ್ಗಿದ ನಿಯಮ ಅವನಿಗೂ ಬಗ್ಗುತ್ತೆ."

ಕಣ್ಣೀರು ಒರೆಸಿಕೊಂಡು ತಮ್ಮನ ಕಾಗದದ ಮೇಲೆ "ತಿರಸ್ಕೃತ" ಒತ್ತಿದಳು. ಕೆಳಗೆ ಆಮೆ ಉಸಿರು ಬಿಗಿಹಿಡಿಯಿತು.

"ಇನ್ನೇನಮ್ಮಾ, ಅವಿರೋಧ ಆಯ್ಕೆ ಅಂತ ಘೋಷಿಸು" ಎಂದು ಮಬ್ಬೇಂದ್ರ ಮೀಸೆ ತಿರುವಿದ.

"ಸ್ವಲ್ಪ ತಾಳಿ. ವಯಸ್ಸಿನ ತಕರಾರು ಎದ್ದರೆ ಕಣದಲ್ಲಿರೋ ಎಲ್ಲರೂ ಜನ್ಮಪತ್ರಿಕೆ ತೋರಿಸಬೇಕು. ಎತ್ತಿದವರು ನೀವೇ. ನೀವು ಹುಟ್ಟಿದ್ದು ಯಾವತ್ತು?"

"ಮುನ್ನೂರು ವರ್ಷದ ಗಡ್ಡ ಕಾಣಿಸೋಲ್ವಾ?"

"ಗಡ್ಡ ನೋಡಿ ಬರೆದುಕೊಳ್ಳೋಕೆ ನಿಯಮ ಇಲ್ಲ. ದಿನ, ವಾರ, ತಿಥಿ ಹೇಳಿ."

ಗಾಳಿಯಲ್ಲಿ ಕೈಯಾಡಿಸಿ ಓಲೆಗರಿ ಸೃಷ್ಟಿಸಿದ. ಅಕ್ಷರ ಹನಿಹನಿಯಾಗಿ ಜಾರಿಹೋಯಿತು. ಇನ್ನೊಂದು ಮಾಡಿದ, ಅದೂ ಜಾರಿತು. ಮತ್ತೊಂದು, ಅದೂ ಅಷ್ಟೇ. ಏಕೆಂದರೆ ಮಬ್ಬೇಂದ್ರ ಯಾವ ತಾಯಿಗೂ ಹುಟ್ಟಿದವನಲ್ಲ; ಕಡಲ ಮಂಜು ಸುಮ್ಮನೆ ಹೆಪ್ಪುಗಟ್ಟಿ ಆದವನು. ಆಗದ ಹುಟ್ಟನ್ನು ಯಾವ ಓಲೆ ತಾನೇ ಹೊರುತ್ತದೆ! ಅವನ ಕಾಗದದ ಮೇಲೆ ಮೂರನೆಯ ಬಾರಿ ಮುದ್ರೆ ಬೀಳುತ್ತಲೇ ಗಡ್ಡ ಕರಗಿತು, ನಿಲುವಂಗಿ ಕರಗಿತು. ಬೆಳ್ಳನೆಯ ಮಂಜೊಂದು ಕಿಟಕಿ ದಾಟಿ ಹೊರಟೇಹೋಯಿತು.

ಕಣದಲ್ಲಿ ಯಾರೂ ಉಳಿಯದ್ದರಿಂದ ಹೊಸದಾಗಿ ನಾಮಪತ್ರ ಕರೆದರು. ಅಷ್ಟರಲ್ಲಿ ಮಾಚನಿಗೆ ಇಪ್ಪತ್ತೊಂದು ತುಂಬಿತ್ತು. ನಿಂತ, ಬಲೆ ಹೆಣೆಯುವ ಕೊಟ್ರವ್ವನ ಎದುರು ಏಳು ಮತದಿಂದ ಸೋತ! ಆದರೂ ಕುಣಿದವರಲ್ಲಿ ಅವನೇ ಮುಂದು. ಕೊಟ್ರವ್ವ ಬೆಚ್ಚನೆಯ ನೀರಿನತ್ತ ಕೈ ತೋರಿದಳು, ಆಮೆ ಅತ್ತ ಈಜಿತು, ತೊಟ್ಟಿಲುಗಳು ತೂಗಿದವು, ಎಲ್ಲರೂ ನಗುನಗುತ್ತ ಬಾಳಿದರು.

ಕೇದಗೆ ಆ ಪ್ರಶ್ನೆ ಕೇಳಿದ್ದು ಮಾರ್ಗಶಿರ ಶುದ್ಧ ಪಂಚಮಿ, ಬುಧವಾರ.