ನಾಲ್ಕನೆಯ ಲೇನಿನ ಗೆರೆ

ಗೆದ್ದವಳ ಕೈ ಕುಲುಕಲು ಬಂದಿದ್ದಾನೆ ಎಂದುಕೊಂಡು ದಾನೇಶ್ವರಿ ಕೈ ಚಾಚಿದಳು. ವಿರೂಪಾಕ್ಷ ಆ ಕೈ ಹಿಡಿಯಲಿಲ್ಲ. ಮೊಣಕೈವರೆಗೂ ಗೆರೆ ಎಳೆಯುವ ಬಿಳಿ ಪುಡಿ ಮೆತ್ತಿಕೊಂಡು, ಮುಖದಲ್ಲಿ ರಕ್ತವಿಲ್ಲದವನಂತೆ ನಿಂತಿದ್ದ.

"ಯಾಕ್ರೀ, ನಿಮ್ಮ ಕೈಯಾಗಿನ ಫಕ್ಕಿ ನನಗ ಹತ್ತೀತು ಅಂತ ಅಂಜಿಕೀನಾ?"

"ನೀವು ಗೆದ್ದಿಲ್ಲರೀ."

ಆಕೆಗೆ ನಗು ಬಂತು. ಉಮರ್ಗಾದ ಈ ಮೈದಾನದಲ್ಲಿ ಅರ್ಧ ತಾಸಿನ ಹಿಂದಷ್ಟೇ, ನಾನೂರು ಮೀಟರ್ ಓಟದಲ್ಲಿ, ಉದಗೀರದ ಸ್ವಪ್ನಾಲಿಯನ್ನು ಐದು ಮೀಟರ್ ಹಿಂದೆ ಹಾಕಿ ಬಂದಿದ್ದಳು. ವಿಭಾಗ ಮಟ್ಟಕ್ಕೆ ಹೋಗುವವರು ಒಬ್ಬರೇ. ಇಪ್ಪತ್ತೈದು ತುಂಬಿದವರಿಗೆ ಈ ಕೂಟದಲ್ಲಿ ಜಾಗವಿಲ್ಲ. ಆಕೆಗೆ ಬರುವ ತಿಂಗಳು ಇಪ್ಪತ್ತೈದು. ತನ್ನೂರು ದಾಳಿಂಬದ ತೊಗರಿ ಹೊಲದ ಬದುವಿನ ಮೇಲೆ ಏಳು ವರ್ಷ ಓಡಿದ್ದಕ್ಕೆ ಶಿವ ಇವತ್ತು ಒಲಿದಿದ್ದ.

ಉಮರ್ಗಾ, ನಿಲಂಗಾ, ಉದಗೀರ, ಮೂರೂ ಊರಿನ ಮೈದಾನಗಳಿಗೆ ಫಕ್ಕಿ ಸುರಿದು ಗೆರೆ ಎಳೆಯುವವನು ವಿರೂಪಾಕ್ಷನೇ. ಬಸವಕಲ್ಯಾಣದ ಕಡೆಯಿಂದ ಬಂದು ನಿಲಂಗಾದಲ್ಲಿ ನೆಲೆಸಿದವನು. ಮೂರು ವರ್ಷದಿಂದ ಪ್ರತಿ ಕೂಟದಲ್ಲೂ ಒಂದು ನಗು, ಒಂದು "ಅರಾಮ್ರೀ?" ಅಷ್ಟೇ. ಆ ಅಷ್ಟಕ್ಕಾಗಿಯೇ ದಾನೇಶ್ವರಿ ಎರಡು ದಿನ ಮೊದಲೇ ಯಾವ ರಿಬ್ಬನ್ ಕಟ್ಟಲಿ ಎಂದು ಯೋಚಿಸುತ್ತಿದ್ದಳು.

"ನಗಬ್ಯಾಡ್ರೀ. ಇಲ್ಲಿ ಬರ್ರಿ."

ಓಟ ಶುರುವಾದ ಜಾಗಕ್ಕೆ ಕರೆದೊಯ್ದ. ಹೊರಗಿನ ಲೇನು ತಿರುವಿನಲ್ಲಿ ಉದ್ದವಾಗುತ್ತದೆಂದು ಒಂದೊಂದು ಲೇನಿನ ಗೆರೆಯನ್ನೂ ಒಳಗಿನದಕ್ಕಿಂತ ಮುಂದೆ ಹಾಕುತ್ತಾರೆ. ಆಗಲೇ ಎಲ್ಲರ ಪಾಲಿಗೂ ನಾನೂರು ಸರಿಸಮ. ಇದು ಆಕೆಗೂ ಗೊತ್ತು.

"ನಿಮ್ಮ ನಾಲ್ಕನೇ ಲೇನಿನ ಗೆರಿ ಒಂದನೇ ಲೇನಿನ ಗೆರಿಯಿಂದ ಇಪ್ಪತ್ತೆರಡು ಮೀಟರ್ ಮೂವತ್ತೇಳು ಸೆಂಟಿಮೀಟರಿಗೆ ಬರಬೇಕಿತ್ತು. ನಾ ಮೂವತ್ತು ಮೀಟರ್ ಮೂರಕ್ಕ ಹಾಕೀನಿ. ಅದು ಐದನೇ ಲೇನಿಂದು. ನಿಮ್ಮ ಓಟದಾಗ ಇದ್ದವರು ನಾಲ್ಕೇ ಮಂದಿ, ಯಾರಿಗೂ ಕಾಣಲಿಲ್ಲ. ಈಗ ಗಂಡಸರ ಓಟಕ್ಕ ಐದನೇ ಗೆರಿ ಹಾಕಲಿಕ್ಕ ಟೇಪ್ ಹಿಡದ್ರ…"

ಆಕೆಯೇ ಲೆಕ್ಕ ಹಾಕಿದಳು. ಏಳು ಮೀಟರ್ ಅರವತ್ತಾರು ಸೆಂಟಿಮೀಟರ್. ಅಷ್ಟು ಕಡಿಮೆ ಓಡಿ ಐದು ಮೀಟರ್ ಮುಂದೆ ಬಂದಿದ್ದಳು.

ಮೈಕಿನಲ್ಲಿ ಮರಾಠಿಯಲ್ಲಿ ತನ್ನದೇ ಹೆಸರು ಕೂಗುತ್ತಿದ್ದರು. ಬಾವಿಯ ತಳದಿಂದ ಯಾರೋ ಬೇರೆಯವರನ್ನು ಕರೆದಂತೆ ಕೇಳಿಸಿತು.

"ಯಾರ‍್ಯಾರಿಗೆ ಗೊತ್ತದ?"

"ನನಗ. ಈಗ ನಿಮಗ."

"ಹಂಗಾದ್ರ ಕಾಲಿಂದ ಅಳಿಸಿಬಿಡ್ರಲ್ಲ!"

ಅಂದವಳು ತಾನೇ ಬೆಚ್ಚಿದಳು. ಈ ಮಾತು ನನ್ನ ಬಾಯಿಂದ ಬಂತೇ? ದಿನಾ ಬೆಳಗ್ಗೆ ಲಿಂಗಕ್ಕೆ ನೀರೆರೆಯುವ ಮನೆಯವಳ ಬಾಯಿಂದ?

ವಿರೂಪಾಕ್ಷ ಬಯ್ಯಲಿಲ್ಲ, ಬುದ್ಧಿ ಹೇಳಲಿಲ್ಲ. "ರೆಫರಿ ಅಮೃತಪ್ಪ ಸರ್ ಹತ್ರ ಹೊಂಟೀನಿ. ಮೈಕಿನಾಗ ಕೇಳೋದಕ್ಕಿಂತ ಮೊದಲು ನೀವು ನನ್ನ ಬಾಯಿಂದ ಕೇಳಬೇಕಂತ ಬಂದೆ" ಎಂದ.

ದಾನೇಶ್ವರಿ ಒಂದು ಕ್ಷಣ ಆ ಗೆರೆ ನೋಡಿದಳು. ಆಮೇಲೆ ಅವನಿಗಿಂತ ಮುಂದೆ ತಾನೇ ರೆಫರಿಯ ಟೇಬಲ್ಲಿನತ್ತ ನಡೆದಳು.

ವಿಷಯ ಕೇಳಿ ಅಮೃತಪ್ಪ ಸರ್ ಕನ್ನಡಕ ತೆಗೆದರು. "ಮೂರು ವರ್ಷದಾಗ ಒಂದು ಇಂಚು ತಪ್ಪಿಲ್ಲಲ್ಲೋ ನೀ! ಇವತ್ತೇನಾತು?"

"ಲಕ್ಷ್ಯ ಇರಲಿಲ್ಲ ಸರ್."

"ಅಗಂ ಬಾಈ!" ಎಂದು, ಸುದ್ದಿ ತಿಳಿದು ಟೇಬಲ್ಲಿನ ಹತ್ತಿರ ಬಂದ ಸ್ವಪ್ನಾಲಿ ಬಾಯಿಗೆ ಕೈ ಹಚ್ಚಿಕೊಂಡಳು. ನಾಲ್ಕು ಗಂಟೆಗೆ ಮತ್ತೆ ಓಟ ಎಂದು ತೀರ್ಮಾನವಾಯಿತು.

ಗೆರೆ ಹೊಸದಾಗಿ ಹಾಕುವಾಗ ದಾನೇಶ್ವರಿ ಬಂದು ಟೇಪಿನ ತುದಿ ಕಸಿದುಕೊಂಡಳು. "ನಾ ಹಿಡಿತೀನಿ. ನಿಮ್ಮ ಮ್ಯಾಲೆ ಭರೋಸಾ ಇಲ್ಲ."

ಇಪ್ಪತ್ತೆರಡು ಮೀಟರ್ ಆಚೆ ಅವನು ಮಂಡಿಯೂರಿದ. ಆಕೆ ಅಲ್ಲಿಂದಲೇ ಕೂಗಿದಳು: "ಲಕ್ಷ್ಯ ಎಲ್ಲಿ ಮೇಯಲಿಕ್ಕ ಹೋಗಿತ್ರೀ?"

ಅವನು ಗೆರೆ ಎಳೆದ. ಟೇಪು ಸುತ್ತುತ್ತ ಸುತ್ತುತ್ತ ಹತ್ತಿರ ಬಂದ. ಇಬ್ಬರ ನಡುವೆ ಒಂದೇ ಮಾರು ಉಳಿದಾಗ ತಲೆಯೆತ್ತದೆ ಹೇಳಿದ: "ಮುಂಜಾನೆ ನೀವು ಅಲ್ಲಿ ಕಟ್ಟಿ ಮ್ಯಾಲೆ ಕುಂತು ಕೂದಲ ಕಟ್ಟಲಿಕತ್ತಿದ್ರಿ. ಹಳದಿ ರಿಬ್ಬನ್ ಹಲ್ಲಾಗ ಹಿಡಕೊಂಡು. ನಾ ಟೇಪ್ ಹಿಡದಿದ್ದೆ… ನೋಡಿದ್ದು ಟೇಪಲ್ಲ."

ಟೇಪು ಆಕೆಯ ಬೆರಳಿಂದ ಜಾರಿತು. ಗೆದ್ದಿಲ್ಲ ಎಂದಾಗಲೂ ಎದೆ ಹೀಗೆ ನಿಂತಿರಲಿಲ್ಲ.

"ಇದನ್ನ ಹೇಳಲಿಕ್ಕ ಇದೇ ದಿನ ಸಿಕ್ತೇನ್ರೀ ನಿಮಗ?"

"ನೀವು ಕೇಳಿದ್ರಿ. ಸುಳ್ಳು ಹೇಳಲಿಕ್ಕ ಬರಲಿಲ್ಲ."

ನಾಲ್ಕು ಗಂಟೆಗೆ ಪಿಸ್ತೂಲು ಸಿಡಿಯಿತು. ಮೊದಲ ತಿರುವು ಸಿಟ್ಟಿನಲ್ಲಿ ಹೋಯಿತು. ಆಚೆಯ ನೇರ ದಾರಿಯಲ್ಲಿ ಸಿಟ್ಟೂ ಉದುರಿತು. ಉಸಿರು, ಬಿಸಿಲು, ಎರಡು ಬಿಳಿ ಗೆರೆ ಮಾತ್ರ. ಕೊನೆಯ ನೂರರಲ್ಲಿ ಸ್ವಪ್ನಾಲಿ ಭುಜಕ್ಕೆ ಭುಜ ಕೊಟ್ಟು ಬಂದಳು. ಇಬ್ಬರೂ ಒಟ್ಟಿಗೇ ಎದೆ ಮುಂದಕ್ಕೆ ಚಾಚಿದರು.

ಒಂದು ಗೇಣು. ಸ್ವಪ್ನಾಲಿ ಮುಂದೆ.

ದಾನೇಶ್ವರಿ ಹುಲ್ಲಿನ ಮೇಲೆ ಬೋರಲು ಬಿದ್ದು ಅತ್ತಳು. ಸ್ವಪ್ನಾಲಿ ಬಂದು ಬೆನ್ನು ಸವರಿ ಹೋದಳು. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿದರೆ ವಿರೂಪಾಕ್ಷ ನೀರಿನ ಬಾಟಲಿ ಹಿಡಿದು ನಿಂತಿದ್ದ. ಅವನ ಕೆನ್ನೆಯ ಫಕ್ಕಿಯಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು.

"ನನ್ನಿಂದ…"

"ಹೂಂ, ನಿಮ್ಮಿಂದೇ." ಆಕೆ ನೀರು ಕುಡಿದು ಬಾಯೊರೆಸಿಕೊಂಡಳು. "ಮುಂಜಾನೆ ಖರೆ ಲೆಕ್ಕದಾಗ ಎರಡೂವರಿ ಮೀಟರ್ ಹಿಂದಿದ್ದೆ. ಈಗ ಒಂದು ಗೇಣು. ಜನ್ಮದಾಗ ಇಷ್ಟು ಛಲೋ ಓಡಿದ್ದಿಲ್ಲ ನಾ." ಬಾಟಲಿಯನ್ನು ಅವನ ಕೈಗೇ ವಾಪಸ್ ಇಟ್ಟಳು. "ಆದ್ರ ನಿಮಗ ಬಿಡಾಂಗಿಲ್ಲ. ಐತವಾರ ದಾಳಿಂಬಕ್ಕ ಬರ್ರಿ. ಗೆದ್ದೀನಂತ ಫೋನ್ ಮಾಡಿದ್ದೆ. ಈಗ ಯಾಕ ಸೋತಿ ಅಂತ ಅಪ್ಪ ಕೇಳ್ತಾನ. ಸರ್ ಮುಂದ ಅರ್ಧ ಹೇಳೀರಲ್ಲ, ಅಪ್ಪನ ಮುಂದ ಪೂರ್ತಿ ಹೇಳಬೇಕು."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ರಿಬ್ಬನ್… ಅದೂ ಹೇಳಬೇಕೇನ್ರೀ?"

"ಅದನ್ನೇ ಮೊದಲು ಹೇಳ್ರಿ."

ಆಕೆ ಮತ್ತೆ ಕೈ ಚಾಚಿದಳು. ಈ ಸಲ ಅವನು ಹಿಡಿದು ಎಬ್ಬಿಸಿದ. ಅಂಗೈಗೆ ಹತ್ತಿದ ಆ ಬಿಳಿಯನ್ನು ದಾಳಿಂಬದಲ್ಲಿ ಆಟೋ ಇಳಿಯುವವರೆಗೂ ದಾನೇಶ್ವರಿ ಒರೆಸಿಕೊಳ್ಳಲಿಲ್ಲ.